ಸಹಾಯ ಬೇಕು: ಹೇಳದೆ ಕೇಳದೆ ಬೆನ್ನಿಗೆ ಅಂಟಿಕೊಂಡು ಬರುವ ಸೈಕಲ್ ಸವಾರರಿಗೆ ಏನು ಹೇಳಲಿ?

ಎಲ್ಲರಿಗೂ ನಮಸ್ಕಾರ. ನಾನು ಬೆಳಿಗ್ಗೆ ಒಬ್ಬಳೇ ಸೈಕಲ್ ತುಳಿಯುತ್ತೇನೆ. ಕೆಲವು ಸಲ ಗುರುತಿಲ್ಲದವರು ಒಂದು ಮಾತೂ ಆಡದೆ ನನ್ನ ಹಿಂದಿನ ಚಕ್ರಕ್ಕೆ ಅಂಟಿಕೊಂಡ ಹಾಗೆ ಬರುತ್ತಾರೆ. ಮುಂದಿನವರ ಮರೆಯಲ್ಲಿ ಗಾಳಿಯ ತಡೆ ಕಡಿಮೆ, ತುಳಿಯುವುದು ಸುಲಭ. ಕೇಳಿದರೆ ನಾನು ಖಂಡಿತ ಬೇಡ ಅನ್ನುವುದಿಲ್ಲ. ಆದರೆ ಹಿಂದೆ ಯಾರೋ ಇದ್ದಾರೆ ಅಂತ ನನಗೆ ಗೊತ್ತಾಗಬೇಕು, ಅಲ್ವಾ?

ಮೊನ್ನೆ ಗುಂಡಿ ಕಂಡು ಬ್ರೇಕ್ ಹಿಡಿದೆ. ಹಿಂದಿದ್ದವರ ಮುಂದಿನ ಚಕ್ರ ನನ್ನ ಚಕ್ರಕ್ಕೆ ತಾಗಿತು. ನನಗೆ ಏನೂ ಆಗಲಿಲ್ಲ. ಅವರು ಬಿದ್ದು ಮೊಣಕೈ ತರಚಿಕೊಂಡರು. ಹೀಗೆ ತಾಗಿದಾಗ ಹೆಚ್ಚಾಗಿ ಬೀಳುವುದು ಹಿಂದಿನವರೇ. ಗಂಟೆಗೆ 30 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 8 ಮೀಟರ್‌ಗಿಂತ ಜಾಸ್ತಿ. ಅರ್ಧ ಮೀಟರ್ ಅಂತರದಲ್ಲಿ ಬ್ರೇಕ್ ಹಿಡಿಯಲು ಸಮಯವೇ ಸಿಗುವುದಿಲ್ಲ. ಪಾಪ, ಅವರು ಬೈಯಲಿಲ್ಲ. ಆದರೂ ಇಡೀ ದಿನ ನನಗೆ ಬೇಜಾರು.

ಗುಂಪಿನಲ್ಲಿದ್ದರೆ ಗುಂಡಿಗೆ ಕೈ ತೋರಿಸುತ್ತೇನೆ, ‘ನಿಲ್ಲಿಸ್ತಿದ್ದೀನಿ’ ಅಂತ ಕೂಗುತ್ತೇನೆ. ಒಬ್ಬಳೇ ಇದ್ದಾಗ ಯಾರಿಗೆ ಅಂತ ಕೂಗಲಿ?

ಅಪರಿಚಿತರ ಮನಸ್ಸು ನೋಯದ ಹಾಗೆ ಇದನ್ನು ಹೇಗೆ ಹೇಳುತ್ತೀರಿ? ನಿಧಾನ ಮಾಡಿ ಮುಂದೆ ಬಿಡೋಣ ಅಂದರೆ ಅವರೂ ನಿಧಾನ ಮಾಡುತ್ತಾರೆ. ನೀವು ಬಳಸುವ ಮಾತನ್ನೇ ಇಲ್ಲಿ ಬರೆಯಿರಿ, ದಯವಿಟ್ಟು.