ಎಲ್‌ಸ್ಯಾಟ್ ಅಂಕ ಎರಡು ಮೂರು ಇದ್ದರೆ ಅಮೆರಿಕದ ಲಾ ಸ್ಕೂಲುಗಳು ಯಾವುದನ್ನು ಹಿಡಿಯುತ್ತವೆ?

ಪ್ರಶ್ನೆ:

ನಮಸ್ಕಾರ ಮೇಡಂ. ನನ್ನ ಮಗಳು ಮೈಸೂರಿನಲ್ಲಿ ಬಿ.ಇ. ಮುಗಿಸಿ, ಬೆಂಗಳೂರಿನ ಕಂಪನಿಯೊಂದರಲ್ಲಿ ಪೇಟೆಂಟ್‌ಗೆ ಸಂಬಂಧಿಸಿದ ಕೆಲಸದಲ್ಲಿದ್ದಾಳೆ. ಅಮೆರಿಕದಲ್ಲಿ ಜೆ.ಡಿ. ಎಂಬ ಮೂರು ವರ್ಷದ ಕಾನೂನು ಪದವಿಗೆ ಸೇರಬೇಕೆಂಬುದು ಅವಳ ಆಸೆ. ಅದರ ಪ್ರವೇಶ ಪರೀಕ್ಷೆಯಾದ ಎಲ್‌ಸ್ಯಾಟ್ ಅನ್ನು 2024ರ ಜೂನ್‌ನಲ್ಲಿ ಬರೆದಾಗ 157 ಬಂದಿತ್ತು. ಆಮೇಲೆ ಬರೆದಾಗ 163, ಮತ್ತೊಮ್ಮೆ ಬರೆದಾಗ 162 ಬಂದಿದೆ. ನ್ಯೂಜೆರ್ಸಿಯಲ್ಲಿರುವ ನನ್ನ ಭಾವಮೈದುನ, ಶಾಲೆಗಳು ಎಲ್ಲ ಅಂಕಗಳ ಸರಾಸರಿ ತೆಗೆಯುತ್ತವೆ, ಆದ್ದರಿಂದ ಇನ್ನು ಬರೆಯುವುದು ಬೇಡ ಎನ್ನುತ್ತಾರೆ. ಮಗಳು ಮತ್ತೊಮ್ಮೆ ಬರೆಯುತ್ತೇನೆಂದು ಹಟ ಹಿಡಿದಿದ್ದಾಳೆ. ಸಿಇಟಿಯಂತಹ ಒಂದು ಪರೀಕ್ಷೆ, ಒಂದು ರ‍್ಯಾಂಕಿನ ಲೆಕ್ಕಕ್ಕೆ ಒಗ್ಗಿಹೋದ ನಮಗೆ ಇದು ತಲೆಬುಡ ಅರ್ಥವಾಗುತ್ತಿಲ್ಲ. ದಯವಿಟ್ಟು ತಿಳಿಸಿ.

ಉತ್ತರ:

ನಮಸ್ಕಾರ ಸರ್. ಅಮೆರಿಕದ ಲಾ ಸ್ಕೂಲೊಂದರಲ್ಲಿ ಪ್ರವೇಶದ ಅರ್ಜಿಗಳನ್ನು ಓದುವ ಕೆಲಸ ಮಾಡಿದ ಅನುಭವದಿಂದ ಉತ್ತರಿಸುತ್ತಿದ್ದೇನೆ. ನಿಮ್ಮ ಭಾವಮೈದುನರ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಲಾ ಸ್ಕೂಲುಗಳಿಗೆ ಮಾನ್ಯತೆ ನೀಡುವ ಅಮೆರಿಕನ್ ಬಾರ್ ಅಸೋಸಿಯೇಷನ್, ಹಲವು ಬಾರಿ ಪರೀಕ್ಷೆ ಬರೆದ ವಿದ್ಯಾರ್ಥಿಯ ಸರಾಸರಿ ಅಂಕವನ್ನೇ ಶಾಲೆಗಳು ವರದಿ ಮಾಡಬೇಕೆಂದು 2006ರವರೆಗೆ ಕೇಳುತ್ತಿತ್ತು. ಆ ವರ್ಷ ನಿಯಮ ಬದಲಾಗಿ ಅತಿ ಹೆಚ್ಚಿನ ಅಂಕವನ್ನು ವರದಿ ಮಾಡುವ ಪದ್ಧತಿ ಬಂತು. ಅಲ್ಲಿಂದ ಬಹುತೇಕ ಶಾಲೆಗಳ ದೃಷ್ಟಿಯೂ ಬದಲಾಯಿತು. ಹಳೆಯ ನಿಯಮದ ನೆನಪು ಮಾತ್ರ ಬಂಧುಬಳಗದ ಸಲಹೆಗಳಲ್ಲಿ ಇಂದಿಗೂ ಉಳಿದುಕೊಂಡಿದೆ.

ಇಲ್ಲಿ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ನೋಡಬೇಕು: ಒಂದು ಅಂಕವನ್ನು ಎಣಿಸುವುದು, ಇನ್ನೊಂದು ಅಂಕಗಳನ್ನು ಓದುವುದು. ಎಣಿಕೆಗೆ ಸಿಗುವುದು ನಿಮ್ಮ ಮಗಳ 163 ಮಾತ್ರ. ಆದರೆ ಈ ಪರೀಕ್ಷೆ ನಡೆಸುವ ಎಲ್‌ಸ್ಯಾಕ್ ಸಂಸ್ಥೆ ಶಾಲೆಗಳಿಗೆ ಕಳಿಸುವ ವರದಿಯಲ್ಲಿ ಈ ವರ್ಷದ ಮತ್ತು ಹಿಂದಿನ ಐದು ಪರೀಕ್ಷಾ ವರ್ಷಗಳ ಎಲ್ಲ ಅಂಕಗಳೂ ದಿನಾಂಕ ಸಮೇತ ಇರುತ್ತವೆ. ಇದನ್ನು ಕಳಿಸಿ, ಅದನ್ನು ಬಿಡಿ ಎಂದು ಆರಿಸಿಕೊಳ್ಳುವ ಅವಕಾಶವಿಲ್ಲ. ಆದ್ದರಿಂದ ಅರ್ಜಿಯನ್ನು ಓದುವವರ ಕಣ್ಣಿಗೆ 157 ಕೂಡ ಬಿದ್ದೇ ಬೀಳುತ್ತದೆ. ಅದರಿಂದ ಅವಳಿಗೆ ಹಾನಿಯಾಗುತ್ತದೆಯೇ ಎಂದು ಕೇಳಿದರೆ, ಆರು ಅಂಕಗಳ ಏರಿಕೆಯನ್ನು ಕಂಡು ಯಾವ ಓದುಗರೂ ಮುಖ ಸಿಂಡರಿಸುವುದನ್ನು ನಾನು ಕಂಡಿಲ್ಲ. ಮೊದಲು ಹೆಚ್ಚು ಪಡೆದು ಆಮೇಲೆ ಐದಾರು ಅಂಕ ಇಳಿದವರ ಬಗ್ಗೆ ಮಾತ್ರ ಸಮಿತಿಯಲ್ಲಿ ಒಂದಿಷ್ಟು ಚರ್ಚೆಯಾಗುವುದುಂಟು. ಎಲ್‌ಸ್ಯಾಕ್ ಸ್ವತಃ, ವಿದ್ಯಾರ್ಥಿಯ ಸಾಮರ್ಥ್ಯವನ್ನು ಊಹಿಸಲು ಸರಾಸರಿ ಅಂಕವೇ ಹೆಚ್ಚು ಯೋಗ್ಯವೆಂಬ ನಿಲುವನ್ನು ಬಹುಕಾಲದಿಂದ ಹೇಳುತ್ತ ಬಂದಿದೆ; ಶಾಲೆಗಳು ಅದನ್ನು ಗೌರವದಿಂದ ಕೇಳಿಸಿಕೊಂಡು ಹೆಚ್ಚಿನ ಅಂಕವನ್ನೇ ಹಿಡಿಯುತ್ತವೆ.

ಶಾಲೆಗಳು ಹೀಗೇಕೆ ಮಾಡುತ್ತವೆ ಎಂಬುದು ತಿಳಿದರೆ ಇನ್ನೊಮ್ಮೆ ಬರೆಯಬೇಕೇ ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ. ಪ್ರತಿ ಶಾಲೆಯೂ ಹೊಸದಾಗಿ ಸೇರಿದ ತರಗತಿಯ ಅಂಕಗಳ ಮಧ್ಯಾಂಕವನ್ನು (ಎಲ್ಲರ ಅಂಕಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ಸರಿಯಾಗಿ ನಡುವೆ ಬರುವ ಅಂಕ), ಜೊತೆಗೆ 25 ಮತ್ತು 75ನೇ ಪರ್ಸೆಂಟೈಲ್ ಅಂಕಗಳನ್ನು, ವರ್ಷಕ್ಕೊಮ್ಮೆ ಡಿಸೆಂಬರ್‌ನಲ್ಲಿ ಬಹಿರಂಗಪಡಿಸಬೇಕು. 509 ವರದಿ ಎಂದು ಕರೆಯುವ ಈ ದಾಖಲೆ ಆಯಾ ಶಾಲೆಯ ಜಾಲತಾಣದಲ್ಲೇ ಸಿಗುತ್ತದೆ. ರ‍್ಯಾಂಕಿಂಗ್ ಪಟ್ಟಿಗಳು ಗಮನಿಸುವುದು ಈ ಮಧ್ಯಾಂಕವನ್ನು. 2023ರಲ್ಲಿ ಇಂತಹ ಪಟ್ಟಿ ಪ್ರಕಟಿಸುವ ಯು.ಎಸ್. ನ್ಯೂಸ್ ಸಂಸ್ಥೆ ತನ್ನ ಪಟ್ಟಿಯಲ್ಲಿ ಪ್ರವೇಶ ಪರೀಕ್ಷೆಯ ತೂಕವನ್ನು ಅರ್ಧಕ್ಕಿಂತ ಕಡಿಮೆ ಮಾಡಿದರೂ, ಶಾಲೆಗಳಿಗೆ ಮಧ್ಯಾಂಕದ ಮೇಲಿನ ಮೋಹ ಅಷ್ಟೇನೂ ಇಳಿದಂತೆ ಕಾಣುವುದಿಲ್ಲ. ಮಧ್ಯಾಂಕದ ಲೆಕ್ಕದಲ್ಲಿ ಒಂದು ವಿಚಿತ್ರವಿದೆ: ಅದಕ್ಕಿಂತ ಒಂದು ಅಂಕ ಹೆಚ್ಚಿರುವ ವಿದ್ಯಾರ್ಥಿಯೂ ಹತ್ತು ಅಂಕ ಹೆಚ್ಚಿರುವ ವಿದ್ಯಾರ್ಥಿಯೂ ಶಾಲೆಗೆ ಒಂದೇ ಬಗೆಯ ಸಹಾಯ ಮಾಡುತ್ತಾರೆ. ಹಾಗಾಗಿ ಮಧ್ಯಾಂಕ 162 ಇರುವ ಶಾಲೆಯಲ್ಲಿ ನಿಮ್ಮ ಮಗಳ 163 ಬಲವಾದ ಅಂಕ. ಅಲ್ಲಿ ವಿದ್ಯಾರ್ಥಿವೇತನದ ಮಾತನ್ನೂ ಆಡಬಹುದು. ಮಧ್ಯಾಂಕ 164 ಇರುವ ಶಾಲೆಯಲ್ಲಿ ಅದೇ 163 ಅವಳನ್ನು ರೇಖೆಯ ಕೆಳಗೆ ನಿಲ್ಲಿಸುತ್ತದೆ. ಹಾರ್ವರ್ಡ್, ಯೇಲ್‌ಗಳಂತಹ ಕಡೆ ಮಧ್ಯಾಂಕ 170ರಿಂದ ಮೇಲೆಯೇ ಇರುವುದರಿಂದ, 163ಕ್ಕೆ ಎರಡು ಅಂಕ ಸೇರಿದರೂ ಚಿತ್ರ ಬದಲಾಗುವುದಿಲ್ಲ.

ಎಲ್‌ಸ್ಯಾಟ್ ಅಂಕದಲ್ಲಿ ಸುಮಾರು ಮೂರು ಅಂಕಗಳ ಏರುಪೇರು ಸಹಜವೆಂದು ಎಲ್‌ಸ್ಯಾಕ್ ತಾನೇ ಹೇಳುತ್ತದೆ. ಈ ದೃಷ್ಟಿಯಿಂದ 163 ಮತ್ತು 162 ಎರಡೂ ಒಂದೇ. ಕೊನೆಯ ಬಾರಿ ಇಳಿಯಿತೆಂದು ಕೊರಗುವ ಅಗತ್ಯವಿಲ್ಲ. ಆದರೆ ಎರಡು ಬಾರಿಯೂ ಅದೇ ಮಟ್ಟದಲ್ಲಿ ನಿಂತಿರುವುದು ಒಂದು ಸುಳಿವು. ಅಭ್ಯಾಸಕ್ಕಾಗಿ ಮನೆಯಲ್ಲಿ ಸಮಯ ಹಿಡಿದು ಬರೆದ ಪೂರ್ಣ ಪರೀಕ್ಷೆಗಳಲ್ಲಿ ಅವಳಿಗೆ 166, 167 ಬರುತ್ತಿದ್ದರೆ ಇನ್ನೊಮ್ಮೆ ಬರೆಯಲಿ. ಅಲ್ಲಿಯೂ 162ರ ಆಸುಪಾಸಿನಲ್ಲೇ ಇದ್ದರೆ, ಆ ತಿಂಗಳುಗಳನ್ನು ಅರ್ಜಿಯ ಪ್ರಬಂಧಕ್ಕೂ ಶಿಫಾರಸು ಪತ್ರಗಳಿಗೂ ಕೊಡುವುದು ಲೇಸು. ಈಗಿನ ನಿಯಮದಂತೆ ಅಂಕ ಚಾಲ್ತಿಯಲ್ಲಿರುವ ಅವಧಿಯಲ್ಲಿ (ಅಂದರೆ ಈ ವರ್ಷ ಮತ್ತು ಹಿಂದಿನ ಐದು ಪರೀಕ್ಷಾ ವರ್ಷ) ಐದು ಬಾರಿ, ಜೀವಮಾನದಲ್ಲಿ ಏಳು ಬಾರಿ ಬರೆಯಬಹುದು.

ಭಾರತದಲ್ಲಿ ಪದವಿ ಪಡೆದವರಿಗೆ ಸಂಬಂಧಿಸಿದ ಇನ್ನೊಂದು ವಿಷಯವಿದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಅಮೆರಿಕದಲ್ಲಿ ಓದಿದವರ ಪದವಿ ಅಂಕಗಳನ್ನು ಎಲ್‌ಸ್ಯಾಕ್ ಜಿಪಿಎ (ಸರಾಸರಿ ಗ್ರೇಡಿನ ಅಂಕ) ಆಗಿ ಪರಿವರ್ತಿಸಿ ಶಾಲೆಗೆ ಕೊಡುತ್ತದೆ, ಅದು ಶಾಲೆಯ ಜಿಪಿಎ ಮಧ್ಯಾಂಕದಲ್ಲಿ ಸೇರುತ್ತದೆ. ನಮ್ಮ ವಿಶ್ವವಿದ್ಯಾಲಯಗಳ ಅಂಕಪಟ್ಟಿಗೆ ಅಂತಹ ಜಿಪಿಎ ಸಿಗುವುದಿಲ್ಲ. ಸರಾಸರಿ, ಸರಾಸರಿಗಿಂತ ಮೇಲು, ಶ್ರೇಷ್ಠ ಎಂಬಂತಹ ಒಂದು ಮೌಲ್ಯಮಾಪನ ಮಾತ್ರ ಬರುತ್ತದೆ. ಅಂದರೆ ನಿಮ್ಮ ಮಗಳ ಬಿ.ಇ. ಅಂಕ ಎಷ್ಟೇ ಚೆನ್ನಾಗಿದ್ದರೂ ಶಾಲೆ ಹೊರಗೆ ತೋರಿಸಬಲ್ಲ ಸಂಖ್ಯೆ ಎಲ್‌ಸ್ಯಾಟ್ ಒಂದೇ. ಆದ್ದರಿಂದ ಅವಳ ಹಟದಲ್ಲಿ ತಿರುಳಿಲ್ಲವೆಂದು ನಾನು ಹೇಳಲಾರೆ.

ಮತ್ತೊಬ್ಬ ಸದಸ್ಯರ ಪ್ರಶ್ನೆ:

ಮೇಡಂ, ಅಂಕ ಕಡಿಮೆ ಬಂದರೆ ರದ್ದು ಮಾಡಿಸಬಹುದು ಎಂದು ಕೇಳಿದ್ದೇನೆ. ಹಾಗೆ ಮಾಡಿದರೆ ಶಾಲೆಗೆ ಗೊತ್ತಾಗುತ್ತದೆಯೇ?

ಉತ್ತರ:

ಹೆಚ್ಚುವರಿ ಶುಲ್ಕ ಕಟ್ಟಿ ಸ್ಕೋರ್ ಪ್ರಿವ್ಯೂ ಸೌಲಭ್ಯ ಪಡೆದವರು ತಮ್ಮ ಅಂಕವನ್ನು ಮೊದಲೇ ನೋಡಿ, ಆರು ದಿನಗಳ ಒಳಗೆ ಅದನ್ನು ಇಟ್ಟುಕೊಳ್ಳಬಹುದು ಅಥವಾ ರದ್ದು ಮಾಡಬಹುದು. ರದ್ದಾದರೆ ಶಾಲೆಗೆ ಅಂಕ ಕಾಣುವುದಿಲ್ಲ, ಆದರೆ ಆ ದಿನ ಪರೀಕ್ಷೆ ಬರೆದು ರದ್ದು ಮಾಡಿದ್ದಾರೆ ಎಂಬುದು ಕಾಣುತ್ತದೆ; ಬರೆಯಬಹುದಾದ ಬಾರಿಗಳ ಲೆಕ್ಕದಲ್ಲಿಯೂ ಅದು ಸೇರುತ್ತದೆ. ಒಂದು ರದ್ದತಿಯನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಹೆಚ್ಚಿನ ಅಂಕವೇ ಎಣಿಕೆಗೆ ಬರುವಾಗ ಎರಡು ಮೂರು ಅಂಕ ಇಳಿಯಿತೆಂದು ರದ್ದು ಮಾಡುವುದರಲ್ಲಿ ನನಗೆ ಅಷ್ಟೇನೂ ಅರ್ಥ ಕಾಣುವುದಿಲ್ಲ. ಮೇಲಿಂದ ಮೇಲೆ ರದ್ದು ಮಾಡಿದ ಸಾಲನ್ನು ಕಂಡರೆ ಮಾತ್ರ, ಅಲ್ಲಿ ಇದ್ದುದಕ್ಕಿಂತ ಕಡಿಮೆ ಅಂಕವನ್ನೇ ಓದುಗರು ಊಹಿಸಿಕೊಳ್ಳುತ್ತಾರೆ.

ಮತ್ತೊಬ್ಬ ಸದಸ್ಯರ ಪ್ರಶ್ನೆ:

ನನ್ನ ಬಳಿ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಯ ಒಳ್ಳೆಯ ಅಂಕವಿದೆ. ಎಲ್‌ಸ್ಯಾಟ್ ಕಡಿಮೆ ಬಂದಿದ್ದರೂ ಜಿಆರ್‌ಇ ಮಾತ್ರ ಕಳಿಸಿದರೆ ನಡೆಯುತ್ತದೆಯೇ?

ಉತ್ತರ:

ಅರಿಜೋನಾ ವಿಶ್ವವಿದ್ಯಾಲಯದ ಲಾ ಸ್ಕೂಲು 2016ರಲ್ಲಿ ಜಿಆರ್‌ಇಗೆ ಬಾಗಿಲು ತೆರೆದ ಮೇಲೆ ಅನೇಕ ಶಾಲೆಗಳು ಅದನ್ನು ಒಪ್ಪುತ್ತಿವೆ, 2021ರಲ್ಲಿ ಬಾರ್ ಅಸೋಸಿಯೇಷನ್ನಿನ ಒಪ್ಪಿಗೆಯೂ ಸಿಕ್ಕಿತು. ಆದರೆ ಚಾಲ್ತಿಯಲ್ಲಿರುವ ಎಲ್‌ಸ್ಯಾಟ್ ಅಂಕ ಇದ್ದರೆ ಅದು ಎಲ್‌ಸ್ಯಾಕ್ ವರದಿಯಲ್ಲಿ ಬಂದೇ ಬರುತ್ತದೆ, ಮತ್ತು ಸಾಮಾನ್ಯವಾಗಿ ಶಾಲೆಗಳು ಅದನ್ನೇ ಮುಖ್ಯವಾಗಿ ಹಿಡಿಯುತ್ತವೆ. ಜಿಆರ್‌ಇಯಲ್ಲಿ ಯಾವ ಅಂಕ ಕಳಿಸಬೇಕೆಂದು ಆರಿಸಿಕೊಳ್ಳಬಹುದಾದರೂ, ಕೆಲವು ಲಾ ಸ್ಕೂಲುಗಳು ಐದು ವರ್ಷದ ಎಲ್ಲ ಜಿಆರ್‌ಇ ಅಂಕಗಳನ್ನೂ ಕಳಿಸಬೇಕೆಂದು ಕೇಳುತ್ತವೆ. ಇನ್ನೂ ಎಲ್‌ಸ್ಯಾಟ್ ಬರೆಯದವರಿಗೆ ಮಾತ್ರ ಇದು ನಿಜವಾದ ಆಯ್ಕೆ.

ಮತ್ತೊಬ್ಬ ಸದಸ್ಯರ ಪ್ರಶ್ನೆ:

ನಾನು ಇಲ್ಲಿ ಎಲ್‌ಎಲ್‌.ಬಿ. ಮುಗಿಸಿ ಎಲ್‌ಎಲ್‌.ಎಂ.ಗೆ ಹೋಗಬೇಕೆಂದಿದ್ದೇನೆ. ನಾನೂ ಎಲ್‌ಸ್ಯಾಟ್ ಬರೆಯಬೇಕೇ?

ಉತ್ತರ:

ಸಾಮಾನ್ಯವಾಗಿ ಬೇಕಾಗುವುದಿಲ್ಲ. ಈ ಚರ್ಚೆ ಪೂರ್ತಿ ಜೆ.ಡಿ.ಗೆ ಸಂಬಂಧಿಸಿದ್ದು.

ಮೊದಲ ಪ್ರಶ್ನೆ ಕೇಳಿದವರು:

ತುಂಬ ಧನ್ಯವಾದಗಳು ಮೇಡಂ. ಮಗಳೂ ಓದಿದಳು, ಮತ್ತೊಮ್ಮೆ ಬರೆಯಲು ತೀರ್ಮಾನಿಸಿದ್ದಾಳೆ. 157 ಏಕೆ ಬಂತೆಂದು ಅರ್ಜಿಯ ಜೊತೆ ಪತ್ರ ಬರೆಯಬೇಕೇ? ಅಂಕ ಬರುವವರೆಗೆ ಅರ್ಜಿ ಹಾಕದೆ ಕಾಯಬೇಕೇ?

ಉತ್ತರ:

ಅಂಕಗಳ ಅಂತರವನ್ನು ವಿವರಿಸುವ ಅಂತಹ ಟಿಪ್ಪಣಿಯನ್ನು ಅಡೆಂಡಮ್ ಎನ್ನುತ್ತಾರೆ. ಕೆಲವು ಶಾಲೆಗಳು ಅಂತರ ದೊಡ್ಡದಿದ್ದರೆ ತಾವೇ ಕೇಳುತ್ತವೆ. ಕೇಳದಿದ್ದರೆ ಆರು ಅಂಕದ ಅಂತರಕ್ಕೆ ಅದು ಕಡ್ಡಾಯವಲ್ಲ. ಬರೆಯುವುದಾದರೆ ಒಂದು ಪ್ಯಾರಾ ಸಾಕು, ಅದರಲ್ಲಿ ಪರಿಶೀಲಿಸಬಹುದಾದ ಕಾರಣ ಇರಬೇಕು: ಪರೀಕ್ಷೆಯ ವಾರ ಆಸ್ಪತ್ರೆಯಲ್ಲಿದ್ದದ್ದು, ಕೆಲಸದ ಜೊತೆ ಓದಲು ಸಮಯ ಸಿಗದೆ ಆಮೇಲೆ ರಜೆ ಹಾಕಿ ಓದಿದ್ದು, ಇಂಥವು. ಪರೀಕ್ಷೆಯ ಭಯವಿತ್ತು ಎಂಬ ವಿವರಣೆಯನ್ನು ಬಿಡಲಿ, ಅದು ಎಲ್ಲರಿಗೂ ಇರುತ್ತದೆ. 2024ರ ಜೂನ್ ಪರೀಕ್ಷೆ ಲಾಜಿಕ್ ಗೇಮ್ಸ್ ಎಂಬ ತರ್ಕದ ಒಗಟುಗಳ ವಿಭಾಗವಿದ್ದ ಕೊನೆಯ ಪರೀಕ್ಷೆ, ಆಗಸ್ಟ್‌ನಿಂದ ಆ ವಿಭಾಗವನ್ನು ಕೈಬಿಡಲಾಯಿತು. ಆ ವಿಭಾಗ ಅವಳಿಗೆ ಕಷ್ಟವಾಗಿದ್ದರೂ ಅದನ್ನು ಪತ್ರದಲ್ಲಿ ಬರೆಯುವ ಅಗತ್ಯವಿಲ್ಲ, ದಿನಾಂಕ ನೋಡಿದ ಓದುಗರಿಗೆ ಅದು ತಾನಾಗಿಯೇ ಹೊಳೆಯುತ್ತದೆ.

ಕಾಯುವ ವಿಷಯದಲ್ಲಿ ಶಾಲೆಯಿಂದ ಶಾಲೆಗೆ ವ್ಯತ್ಯಾಸವಿದೆ. ಬಹುತೇಕ ಶಾಲೆಗಳು ಅರ್ಜಿ ಬಂದಂತೆಲ್ಲ ನಿರ್ಧಾರ ಮಾಡುತ್ತ ಹೋಗುವುದರಿಂದ, ಫೆಬ್ರವರಿಯ ಹೊತ್ತಿಗೆ ಸೀಟುಗಳೂ ವಿದ್ಯಾರ್ಥಿವೇತನದ ಹಣವೂ ಕರಗಿರುತ್ತವೆ. ಮುಂದಿನ ಪರೀಕ್ಷೆಗೆ ನೋಂದಾಯಿಸಿದ ವಿಷಯ ತಿಳಿದರೆ ಕೆಲವು ಶಾಲೆಗಳು ಹೊಸ ಅಂಕ ಬರುವವರೆಗೆ ಅರ್ಜಿಯನ್ನು ಎತ್ತಿಡುತ್ತವೆ, ಕೆಲವು ಇರುವ ಅಂಕದ ಮೇಲೆಯೇ ನಿರ್ಧರಿಸಿಬಿಡುತ್ತವೆ. ಮಧ್ಯಾಂಕ 163ಕ್ಕಿಂತ ಕೆಳಗಿರುವ ಶಾಲೆಗಳಿಗೆ ಈಗಲೇ ಅರ್ಜಿ ಹಾಕಲಿ. ಮೇಲಿರುವ ಶಾಲೆಗಳಿಗೆ, ತನ್ನ ಅರ್ಜಿಯನ್ನು ಹೊಸ ಅಂಕ ಬರುವವರೆಗೆ ತಡೆಹಿಡಿಯಿರಿ ಎಂದು ಪ್ರವೇಶ ಕಚೇರಿಗೆ ಸ್ಪಷ್ಟವಾಗಿ ಇಮೇಲ್ ಬರೆದು, ಅವರಿಂದ ಉತ್ತರ ಬಂದ ಮೇಲೆ ಸಲ್ಲಿಸಲಿ.