ಚರ್ಚೆ: ಡಿಗ್ರಿ ಸಿಲಬಸ್ ಇಂಡಸ್ಟ್ರಿಗೆ ತಕ್ಕಂಗೆ ಬದಲಾಗ್ಬೇಕಾ?

ಪೀಣ್ಯ ವರ್ಕ್‌ಶಾಪ್
ಸಿಎನ್‌ಸಿ (ಕಂಪ್ಯೂಟರ್‌ನಿಂದ ಓಡೋ ಮಿಷಿನ್) ಆಪರೇಟರ್ ಬೇಕು ಅಂತ ಶೆಡ್ ಮುಂದೆ ಬೋರ್ಡ್ ಹಾಕಿ ತಿಂಗಳುಗಟ್ಲೆ ಆಯ್ತು, ಬರೋರೆಲ್ಲ ಮೆಕ್ಯಾನಿಕಲ್ ಬಿಇ, ಮೈಕ್ರೋಮೀಟರ್ ಕೈಗೆ ಕೊಟ್ರೆ ರೀಡಿಂಗ್ ಹೇಳಕ್ಕೆ ಬರಲ್ಲ. ಜಿಟಿಟಿಸಿಲಿ (ಸರ್ಕಾರದ ಟೂಲ್ ರೂಮ್ ಟ್ರೈನಿಂಗ್ ಸೆಂಟರ್) ಟೂಲ್ ಅಂಡ್ ಡೈ ಡಿಪ್ಲೊಮಾ ಮಾಡಿದ ಹುಡುಗ್ರು ಮೂರು ವರ್ಷ ಓದಿ ನಾಲ್ಕನೇ ವರ್ಷ ಪೂರ್ತಿ ಕಾರ್ಖಾನೆಲೇ ಟ್ರೈನಿಂಗ್ ತಗೊಂಡಿರ್ತಾರೆ, ಬಂದ ದಿನಾನೇ ಮಿಷಿನ್ ಮುಂದೆ ನಿಲ್ತಾರೆ. ಎಲ್ಲಾ ಡಿಗ್ರಿನೂ ಹಂಗೇ ಮಾಡಿ, ಸಿಲಬಸ್ ಬರೆಯೋವಾಗ ನಮ್ಮಂಥವ್ರನ್ನೂ ಕೂರ್ಸಿ.

ಅತಿಥಿ ಉಪನ್ಯಾಸಕಿ
"ಎಲ್ಲಾ ಡಿಗ್ರಿನೂ" ಅಂದ್ರಲ್ಲ ಸಾರ್, ಬಿಎ ಇತಿಹಾಸದ ಹುಡುಗಿನ ಯಾವ ಕಾರ್ಖಾನೆಗೆ ಕಳಿಸ್ಲಿ? 2021ರಲ್ಲಿ ದೇಶದಲ್ಲೇ ಮೊದಲು ಎನ್‌ಇಪಿ, ಅಂದ್ರೆ ನಾಲ್ಕು ವರ್ಷದ ಡಿಗ್ರಿ ಇರೋ ರಾಷ್ಟ್ರೀಯ ಶಿಕ್ಷಣ ನೀತಿ, ತಂದಿದ್ದು ನಮ್ಮ ಕರ್ನಾಟಕ, ಆಗ್ಲೂ ಸ್ಕಿಲ್ ಅಂತಾನೇ ಡಿಜಿಟಲ್ ಫ್ಲುಯೆನ್ಸಿ ಪೇಪರ್ ಇಟ್ರು. ನಾನಿದ್ದ ಕಾಲೇಜಲ್ಲಿ ಅದನ್ನ ಸೀಮೆಸುಣ್ಣ ಹಿಡ್ಕೊಂಡು ಬೋರ್ಡ್ ಮೇಲೆ ಪಾಠ ಮಾಡಿದ್ವಿ, ಕಂಪ್ಯೂಟರೇ ಇರ್ಲಿಲ್ಲ. 2024ಕ್ಕೆ ನಾಲ್ಕು ವರ್ಷದ ಡಿಗ್ರಿ ಹೋಗಿ ವಾಪಸ್ ಮೂರು ವರ್ಷ. ಮಕ್ಕಳ ಮೇಲೆ ಇನ್ನೆಷ್ಟು ಪ್ರಯೋಗ?

ಕೋರಮಂಗಲ ಅಪ್ಪ
ಬಿಎಗೆ ಮಾರ್ಕೆಟ್ ಇಲ್ಲ ಮೇಡಂ, ಅದನ್ನ ಒಪ್ಕೊಳ್ಳಿ. 2024-25ರಲ್ಲಿ ಎಐಸಿಟಿಇ (ಇಂಜಿನಿಯರಿಂಗ್ ಕಾಲೇಜುಗಳಿಗೆ ಅನುಮತಿ ಕೊಡೋ ಕೇಂದ್ರ ಸಂಸ್ಥೆ) ಸೀಟು ಮಿತಿ ತೆಗೆದ ಮೇಲೆ ಕಂಪ್ಯೂಟರ್ ಸೈನ್ಸ್ ಸೆಕ್ಷನ್ ಎಷ್ಟು ಜಾಸ್ತಿ ಆಗಿದೆ ನೋಡಿ, ಜನಕ್ಕೆ ಯಾವುದು ಬೇಕು ಅಂತ ಗೊತ್ತಿದೆ.

ಪಾಲಿಟೆಕ್ನಿಕ್ ಗುರು
ಮಾರ್ಕೆಟ್ ಬಿಡಿ, ಸರ್ಕಾರಕ್ಕೇ ಸ್ಕಿಲ್ ಮೇಲೆ ಮರ್ಯಾದೆ ಇಲ್ಲ. ಕೆಲಸ ಸಿಗದವ್ರಿಗೆ ರಾಜ್ಯ ಸರ್ಕಾರ ತಿಂಗಳು ತಿಂಗಳು ಭತ್ಯೆ ಕೊಡೋ ಯುವನಿಧಿಲಿ ಡಿಗ್ರಿಯವ್ರಿಗೆ 3000, ಡಿಪ್ಲೊಮಾದವ್ರಿಗೆ 1500. ಅರ್ಧ! ಅಲ್ಲೇ ಗೊತ್ತಾಗುತ್ತೆ.

ಕೋರಮಂಗಲ ಅಪ್ಪ
ಡಿಗ್ರಿಯವ್ರು ಜಾಸ್ತಿ ವರ್ಷ ಓದಿರ್ತಾರೆ, ಜಾಸ್ತಿ ಕೊಡ್ತಾರೆ, ಅದ್ರಲ್ಲಿ ತಪ್ಪೇನು?

ಪಾಲಿಟೆಕ್ನಿಕ್ ಗುರು
"ಜಾಸ್ತಿ ವರ್ಷ"ನಾ? ಎಸ್‌ಎಸ್‌ಎಲ್‌ಸಿ ಆದ್ಮೇಲೆ ನನ್ನ ಡಿಪ್ಲೊಮಾ ಮೂರು ವರ್ಷ, ಪಿಯುಸಿ ಸೇರಿ ಬಿಕಾಂದು ಐದು. ಎರಡು ವರ್ಷದ ವ್ಯತ್ಯಾಸಕ್ಕೆ ಅರ್ಧಕ್ಕರ್ಧ ಕಟ್ ಮಾಡ್ತಾರಾ? 2019ರ ಅಪ್ರೆಂಟಿಸ್ ನಿಯಮದಲ್ಲಿ ಗ್ರಾಜುಯೇಟ್‌ಗೆ ಕನಿಷ್ಠ 9000, ಡಿಪ್ಲೊಮಾಗೆ 8000 ಇಟ್ಟಿದ್ರು. ಅಲ್ಲಿ ಸಾವಿರ ಮಾತ್ರ ಕಮ್ಮಿ.

ಅತಿಥಿ ಉಪನ್ಯಾಸಕಿ
ಅದು ಕೆಲಸ ಮಾಡಿದ್ದಕ್ಕೆ ಕೊಡೋ ಸ್ಟೈಪೆಂಡ್, ಇದು ಕೆಲಸ ಸಿಗದೇ ಇದ್ದಾಗ ಕೊಡೋ ಭತ್ಯೆ. ಎರಡನ್ನ ಒಂದೇ ತಕ್ಕಡಿಲಿ ಇಡ್ಬೇಡಿ.

ಪಾಲಿಟೆಕ್ನಿಕ್ ಗುರು
ಕೆಲಸ ಇಲ್ಲ ಅಂದ್ರೆ ಇಬ್ರ ಹೊಟ್ಟೆನೂ ಒಂದೇ ತಾನೆ ಮೇಡಂ? ಡಿಪ್ಲೊಮಾದವನು ಅರ್ಧ ಊಟ ಮಾಡ್ತಾನಾ?

ಕೋರಮಂಗಲ ಅಪ್ಪ
ಪಾಸಾಗಿ 180 ದಿನ ಕಾಯ್ಬೇಕು, ಎರಡು ವರ್ಷಕ್ಕೆ ಮುಗೀತು. ಅಷ್ಟಕ್ಕೆ ಇಷ್ಟು ಕೂಗಾಡ್ತೀರಲ್ಲ, ಆ ಟೈಮಲ್ಲಿ ಒಂದು ಕೋರ್ಸ್ ಮಾಡ್ಕೊಳ್ಳಿ.

ಪಾಲಿಟೆಕ್ನಿಕ್ ಗುರು
ಕೋರ್ಸಿಗೆ ಫೀಸ್ ನೀವು ಕಟ್ತೀರಾ?? ಎಸಿ ರೂಮಲ್ಲಿ ಕೂತು ಬುದ್ಧಿ ಹೇಳೋದು ಸುಲಭ.

ಆರನೇ ಸೆಮ್
ದಯವಿಟ್ಟು ಯುವನಿಧಿ ಬಿಟ್ಟು ಮಾತಾಡಿ. ನಮ್ಮ ಇಂಜಿನಿಯರಿಂಗ್ ಯೂನಿವರ್ಸಿಟಿ ವಿಟಿಯುಲಿ ಇಂಟರ್ನ್‌ಶಿಪ್ ಕಡ್ಡಾಯ, ಅಂದ್ರೆ ಇಂಡಸ್ಟ್ರಿ ಆಗ್ಲೇ ಸಿಲಬಸ್ ಒಳಗೆ ಬಂದಿದೆ. ಆದ್ರೆ ಒಳಗೆ ಬಿಟ್ಕೊಳ್ಳೋರು ಯಾರು? ನನ್ನ ಕ್ಲಾಸಲ್ಲಿ ಎಷ್ಟೋ ಜನ ದುಡ್ಡು ಕೊಟ್ಟು ಆನ್‌ಲೈನ್ ಸರ್ಟಿಫಿಕೇಟ್ ತಂದಿಟ್ರು. ನಾನು ಕಾರ್ಖಾನೆ ಕಾರ್ಖಾನೆ ಅಲೆದೆ, ಗೇಟಲ್ಲೇ ವಾಪಸ್ ಕಳಿಸಿದ್ರು. ಪೀಣ್ಯ ಸಾರ್, ನೀವು ಇಂಟರ್ನ್ ತಗೋತೀರಾ?

ಪೀಣ್ಯ ವರ್ಕ್‌ಶಾಪ್
ದುಡ್ಡು ಕೊಟ್ಟು ಸರ್ಟಿಫಿಕೇಟ್ ತಗೊಳ್ಳೋದು ಕಾಲೇಜಿನ ತಪ್ಪು, ಅದನ್ನ ನಮ್ ತಲೆಗೆ ಕಟ್ಬೇಡಿ.

ಅತಿಥಿ ಉಪನ್ಯಾಸಕಿ
ಆ ಹುಡುಗ ಕೇಳಿದ್ದು ಅದಲ್ಲ. ತಗೋತೀರಾ ಇಲ್ವಾ ಹೇಳಿ.

ಪೀಣ್ಯ ವರ್ಕ್‌ಶಾಪ್
30 ಜನ ಇರೋ ಕಡೆ ಅಪ್ರೆಂಟಿಸ್ ತಗೊಳ್ಳೋದು ಕಡ್ಡಾಯ, ನಮ್ ಶೆಡ್ಡಲ್ಲಿ ಅರ್ಧನೂ ಇಲ್ಲ. ಕೈಗೆ ಏಟಾದ್ರೆ ಆಸ್ಪತ್ರೆ ಖರ್ಚು ಯಾರ್ದು? ಒಂದು ಟೂಲ್ ಮುರಿದ್ರೆ ಆ ದಿನದ ಲಾಭ ಹೋಯ್ತು. ದೊಡ್ಡ ಕಂಪನಿಗಳನ್ನ ಕೇಳಿ.

ಅತಿಥಿ ಉಪನ್ಯಾಸಕಿ
ಕಲಿಸೋ ಖರ್ಚು ದೊಡ್ಡ ಕಂಪನಿದು, ಸಿಲಬಸ್ ಕಮಿಟಿಲಿ ಕುರ್ಚಿ ಮಾತ್ರ ನಿಮಗೆ?

ಪೀಣ್ಯ ವರ್ಕ್‌ಶಾಪ್
ಕುರ್ಚಿ ಕೇಳಿದ್ದು ನನಗಲ್ಲ, ಇಂಡಸ್ಟ್ರಿಗೆ. ಸ್ಟೈಪೆಂಡ್ ಸರ್ಕಾರ ಕೊಡ್ಲಿ, ಇನ್ಶೂರೆನ್ಸ್ ಕಾಲೇಜು ಮಾಡಿಸ್ಲಿ, ನಾಳೆನೇ ಇಬ್ರನ್ನ ತಗೋತೀನಿ.

ಆರನೇ ಸೆಮ್
ನಮ್ಮ ಕಾಲೇಜಲ್ಲಿ ಇನ್ಶೂರೆನ್ಸ್ ಬಗ್ಗೆ ಕೇಳಿ ಬರ್ತೀನಿ. ಮಾಡಿಸ್ತೀವಿ ಅಂದ್ರೆ ಇದೇ ಮಾತಿಗೆ ನಿಲ್ತೀರಾ ಸಾರ್?

ಕೋರಮಂಗಲ ಅಪ್ಪ
ಸ್ಟೈಪೆಂಡ್ ಸರ್ಕಾರ ಕೊಡ್ಲಿ ಅಂದ್ರೆ ಮತ್ತೆ ನಮ್ ಟ್ಯಾಕ್ಸ್ ದುಡ್ಡೇ ಅಲ್ವಾ?