ಪೇಸ್ಟ್ ಎರಡು ಸಲ ಬದಲಾಯಿಸಿದರೂ ಲ್ಯಾಪ್‌ಟಾಪ್ ಕಾದು ಆಫ್ ಆಗುತ್ತಿದೆ

ರಾಯಚೂರಿನ ಸದಸ್ಯ: ಮೂರು ವಾರಗಳಿಂದ ನನ್ನ ಲ್ಯಾಪ್‌ಟಾಪ್ ಮಧ್ಯಾಹ್ನದ ಹೊತ್ತಿಗೆ ಕೈಯಿಡಲಾಗದಷ್ಟು ಕಾದು, ಮೊದಲು ನಿಧಾನವಾಗಿ, ಆಮೇಲೆ ತಾನಾಗಿಯೇ ಆಫ್ ಆಗುತ್ತಿದೆ. ಅಂಗಡಿಯಲ್ಲಿ ಎರಡು ಸಲ ಥರ್ಮಲ್ ಪೇಸ್ಟ್ (ಚಿಪ್‌ನ ಬಿಸಿಯನ್ನು ಅದರ ಮೇಲಿನ ಲೋಹಕ್ಕೆ ದಾಟಿಸುವ ಲೇಪ) ಹಾಕಿಸಿದೆ. ದುಡ್ಡು ಹೋಯಿತೇ ಹೊರತು ಬಿಸಿ ಇಳಿಯಲಿಲ್ಲ. ಮಾರ್ಚ್ ಅಂತ್ಯದ ಲೆಕ್ಕ ಮುಗಿಸಿಕೊಡಬೇಕಾದ ಸಮಯವಿದು, ದಯವಿಟ್ಟು ದಾರಿ ತೋರಿಸಿ.

ಉತ್ತರ 1: ಪೇಸ್ಟ್‌ನದೇ ದೋಷ. ಲ್ಯಾಪ್‌ಟಾಪ್ ಚಿಪ್‌ನ ಮೇಲೆ ಡೆಸ್ಕ್‌ಟಾಪ್‌ನಲ್ಲಿರುವಂಥ ಲೋಹದ ಮುಚ್ಚಳ ಇರುವುದಿಲ್ಲವಾದ್ದರಿಂದ, ನೀರಾದ ಪೇಸ್ಟ್ ಕಾದು ತಣಿಯುವ ಪ್ರತಿ ಸುತ್ತಿನಲ್ಲೂ ಅಂಚಿಗೆ ಜರುಗಿ ನಡುಭಾಗ ಬರಿದಾಗುತ್ತದೆ. ಗಟ್ಟಿ ಪೇಸ್ಟ್ ಹಾಕಿಸಿ.

ಉತ್ತರ 2: ಹಾಗೆ ಜರುಗಲು ತಿಂಗಳುಗಳೇ ಬೇಕು, ಇವರದು ಮೂರು ವಾರದ ಕಥೆ. ಮಾಡೆಲ್ ಯಾವುದು, ಎಲ್ಲಿಟ್ಟು ಬಳಸುತ್ತೀರಿ, ಚಿಪ್‌ನ ಉಷ್ಣತೆ ತೋರಿಸುವ ಹೆಚ್‌ಡಬ್ಲ್ಯೂಇನ್ಫೊ ತಂತ್ರಾಂಶ ಎಷ್ಟು ಡಿಗ್ರಿ ತೋರಿಸುತ್ತದೆ?

ಉತ್ತರ 1: ಪೇಸ್ಟ್ ಸರಿಯಾಗಿ ಹರಡದಿದ್ದರೆ ಮೊದಲ ದಿನವೇ ಕಾಯುತ್ತದೆ. ನನ್ನ ಮೂರು ಯಂತ್ರಗಳಲ್ಲೂ ನಾನೇ ಹಚ್ಚಿದ್ದೇನೆ, ಒಂದೂ 80 ಡಿಗ್ರಿ ದಾಟುವುದಿಲ್ಲ.

ಉತ್ತರ 3: ಕೂಲಿಂಗ್ ಪ್ಯಾಡ್ ಕೊಳ್ಳಿ. ನನ್ನದಕ್ಕೆ ಐದು ಫ್ಯಾನ್‌ಗಳಿವೆ.

ಉತ್ತರ 2: ಗಾಳಿ ಹೊರಹೋಗುವ ದಾರಿಯೇ ಕಟ್ಟಿಕೊಂಡಿದ್ದರೆ ಕೆಳಗಿನಿಂದ ಎಷ್ಟು ಊದಿದರೂ ವ್ಯರ್ಥ. ಗಾಳಿಕಿಂಡಿಯ ಬಳಿ ಒಂದು ಕಾಗದದ ಚೂರು ಹಿಡಿದು ನೋಡಿ.

ರಾಯಚೂರಿನ ಸದಸ್ಯ: ಫ್ಯಾನ್ ಜೋರಾಗಿ ಸದ್ದು ಮಾಡುತ್ತಿದ್ದರೂ ಕಾಗದ ಅಲುಗಾಡಲಿಲ್ಲ. ಉಷ್ಣತೆ 98 ಡಿಗ್ರಿ. ಹಾಸಿಗೆಯ ಮೇಲಿಟ್ಟು ಕೆಲಸ ಮಾಡುತ್ತೇನೆ. ಮನೆಯ ಪಕ್ಕದಲ್ಲೇ ಹತ್ತಿಯ ಜಿನ್ನಿಂಗ್ ಮಿಲ್ ಇದೆ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದೆಂದು ಹೊಳೆಯಲಿಲ್ಲ.

ಉತ್ತರ 2: ಸಂಬಂಧ ಖಂಡಿತ ಇದೆ. ಬ್ಯಾಟರಿಯ ಕನೆಕ್ಟರ್ ತೆಗೆದ ಮೇಲೆ ಫ್ಯಾನನ್ನು ಬಿಚ್ಚಿ, ಅದಕ್ಕೂ ಬಿಸಿಯನ್ನು ಗಾಳಿಗೆ ಬಿಡುವ ತಾಮ್ರದ ರೆಕ್ಕೆಗಳಿಗೂ ನಡುವಿನ ಸಂದಿಯನ್ನು ನೋಡಿ. ಹೊರಗಿನಿಂದ ಊದಿದರೆ ಧೂಳು ಒಳಕ್ಕೇ ಸೇರುತ್ತದೆ. ಬ್ಲೋವರ್ ಬಳಸುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದಿರಿ, ಇಲ್ಲದಿದ್ದರೆ ಬೇರಿಂಗ್ ಹಾಳಾದೀತು.

ರಾಯಚೂರಿನ ಸದಸ್ಯ: ನೋಡಿದೆ. ರೆಕ್ಕೆಗಳ ಉದ್ದಕ್ಕೂ ಬೂದುಬಣ್ಣದ ಅರಳೆ ಕಂಬಳಿಯಂತೆ ಒತ್ತೊತ್ತಾಗಿ ಕೂತಿತ್ತು. ಚಿಮಟದಲ್ಲಿ ಹಿಡಿದೆಳೆದಾಗ ಒಂದೇ ಪಟ್ಟಿಯಾಗಿ ಕಿತ್ತುಬಂತು. ಎರಡು ಸಲ ಬಿಚ್ಚಿದ ಅಂಗಡಿಯವರು ಇದನ್ನು ನೋಡಲೇ ಇಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಈಗ ಮೇಜಿನ ಮೇಲಿಟ್ಟರೆ ಬೆಳಿಗ್ಗೆ 79 ಡಿಗ್ರಿ. ಆದರೆ ಮಧ್ಯಾಹ್ನ ಹೊರಗೆ 41 ಇದ್ದಾಗ 90ರ ಹತ್ತಿರ ಹೋಗುತ್ತದೆ.

ಉತ್ತರ 2: ಅದು ಸಹಜ. ಫ್ಯಾನ್ ಎಳೆದುಕೊಳ್ಳುವುದು ಕೋಣೆಯ ಗಾಳಿಯನ್ನೇ. ಕೋಣೆ ಹತ್ತು ಡಿಗ್ರಿ ಏರಿದರೆ ಚಿಪ್ ಕೂಡ ಸರಿಸುಮಾರು ಅಷ್ಟೇ ಏರುತ್ತದೆ. ವಿಂಡೋಸ್‌ನ ಪವರ್ ಆಪ್ಶನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟನ್ನು 100ರಿಂದ 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ ಬೂಸ್ಟ್, ಅಂದರೆ ಚಿಪ್ ತನ್ನ ಮೂಲ ವೇಗವನ್ನು ಮೀರಿ ಓಡುವುದು, ನಿಲ್ಲುತ್ತದೆ. ಲೆಕ್ಕಪತ್ರದ ಕೆಲಸಕ್ಕೆ ಆ ವೇಗವೇ ಸಾಕು.

ಉತ್ತರ 1: ಚಿಪ್‌ನ ಮೇಲೆ ಕೂತು ಬಿಸಿ ಹೀರುವ ಲೋಹದ ಭಾಗವನ್ನು (ಹೀಟ್‌ಸಿಂಕ್) ಎತ್ತಿದ್ದರೆ ಹಳೆಯ ಪೇಸ್ಟ್ ಮೇಲೆಯೇ ಕೂರಿಸಬೇಡಿ, ಹೊಸದು ಹಚ್ಚಲೇಬೇಕು.

ರಾಯಚೂರಿನ ಸದಸ್ಯ: ಎತ್ತಲಿಲ್ಲ, ಫ್ಯಾನ್ ಬೇರೆಯಾಗಿಯೇ ಬಿಚ್ಚಿತು. 99ಕ್ಕೆ ಇಳಿಸಿದ ಮೇಲೆ ಮಧ್ಯಾಹ್ನ ಎರಡು ಗಂಟೆಗೆ 76 ಇದೆ.